ಗೃಹಪ್ರವೇಶದ ಮರುದಿನ

ನಮ್ಮ ಮುಂಡಗೋಡ ತಾಲೂಕಿನ ಪಾಳಾದಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಗೃಹಪ್ರವೇಶದ ಊಟಕ್ಕೆ ಹೋದರೆ ಮನೆಯೊಡತಿ ಕೈಹಿಡಿದು ಎಲ್ಲ ಕೋಣೆ ತೋರಿಸುತ್ತಾಳೆ. “ಅಕ್ಕೋರ, ಟೈಲ್ಸ್ ನೋಡ್ರಿ, ಮುಖ ಕಾಣ್ತದ!” ನಾನು ಮೆಚ್ಚುತ್ತೇನೆ. ಮೆಚ್ಚಲೇಬೇಕು, ಆ ಟೈಲ್ಸಿಗಾಗಿ ಅವಳ ಬಂಗಾರ ಬ್ಯಾಂಕಿನಲ್ಲಿ ಕೂತಿರುತ್ತದೆ. ಆದರೆ ಈಗೀಗ ನನ್ನ ಕಣ್ಣು ಬೇರೆಯದನ್ನೇ ಹುಡುಕುತ್ತದೆ. ಈ ಮನೆಯ ಹಿರಿಯ ಜೀವ ರಾತ್ರಿ ಎರಡು ಗಂಟೆಗೆ ಎದ್ದರೆ ಬಚ್ಚಲಿಗೆ ಹೋಗಿಬರುವುದು ಹೇಗೆ?

ಈ ಕಣ್ಣು ನನಗೆ ಬಂದದ್ದು ತಡವಾಗಿ. ನಮ್ಮ ಅತ್ತೆಯವರು ಹೊಲದ ಬದುವಿನಲ್ಲಿ ಬೀಳಲಿಲ್ಲ, ಕೆರೆ ಏರಿಯ ಮೇಲೂ ಬೀಳಲಿಲ್ಲ. ಬಿದ್ದದ್ದು ನಾನೇ ಆರಿಸಿ ತಂದ ನುಣುಪು ಟೈಲ್ಸಿನ ಬಚ್ಚಲಿನಲ್ಲಿ. ಅದರ ಬಾಗಿಲು ಒಳಕ್ಕೆ ತೆರೆಯುವಂಥದು. ಅವರು ಅದಕ್ಕೇ ಒತ್ತಿ ಬಿದ್ದಿದ್ದರು. ತಳ್ಳಿದರೆ ಅವರಿಗೆ ನೋವು, ತಳ್ಳದಿದ್ದರೆ ನಮಗೆ ಒಳಗೆ ಹೋಗಲು ದಾರಿಯಿಲ್ಲ. ಸೊಂಟದ ಎಲುಬು ಮುರಿದಿತ್ತು. ಆಮೇಲೆ ಅವರು ತಾವಾಗಿ ಎದ್ದು ನಡೆಯಲೇ ಇಲ್ಲ.

ಹಾಗೆಂದು ಹಳೆಯ ಮನೆಯೇ ಚೆನ್ನಾಗಿತ್ತು ಎಂದು ಹಾಡಿ ಹೊಗಳುವವಳು ನಾನಲ್ಲ. ಗೇಣೆತ್ತರದ ಹೊಸ್ತಿಲುಗಳು, ಹಗಲಲ್ಲೂ ಕತ್ತಲೆಯ ನಡುಮನೆ, ಹಿತ್ತಲಿನಾಚೆಯ ಪಾಯಖಾನೆ, ಇವೆಲ್ಲ ಮುದಿ ಕಾಲಿಗೆ ಶತ್ರುಗಳೇ. ಆದರೆ ಸೆಗಣಿ ಸಾರಿಸಿದ ನೆಲ ಅಂಗಾಲನ್ನು ಹಿಡಿದುಕೊಳ್ಳುತ್ತಿತ್ತು, ನೀರು ಬಿದ್ದ ಟೈಲ್ಸ್ ಬಿಟ್ಟುಬಿಡುತ್ತದೆ. ಹೊಸ ಮನೆ ಕತ್ತಲೆಯನ್ನು ಓಡಿಸಿತು, ಆದರೆ ಹೊಸ ಅಪಾಯವನ್ನು ಕಾಸು ಕೊಟ್ಟು ತಂದಿತು. ನನ್ನ ತಕರಾರು ಇಷ್ಟೇ: ನಾವು ಮನೆ ಕಟ್ಟುವುದು ಗೃಹಪ್ರವೇಶದ ದಿನ ನೋಡಲು ಬರುವವರಿಗಾಗಿ, ಮರುದಿನದಿಂದ ಅದರಲ್ಲಿ ಮುದುಕರಾಗುವವರಿಗಾಗಿ ಅಲ್ಲ.

ಇದರ ಬೆಲೆ ತೆರುವವರು ಹೆಚ್ಚಾಗಿ ಹೆಂಗಸರೇ. ನೆರೆಯ ಅಜ್ಜಿಯೊಬ್ಬರು ಒಮ್ಮೆ ಗುಟ್ಟಾಗಿ ಹೇಳಿದರು: “ರಾತ್ರಿ ಎದ್ದರ ಎಲ್ಲಿ ಬೀಳ್ತೀನೋ ಅಂತ ಸಂಜಿಯಿಂದ ನೀರು ಕುಡಿಯೂದ ಬಿಟ್ಟೀನಿ ನೋಡವ್ವಾ. ಸೊಸೀನ ಎಬ್ಬಸಾಕ ನಾಚಿಕಿ.” ಹಗಲೆಲ್ಲ ದುಡಿದು ಮಲಗಿದ ಸೊಸೆಯ ನಿದ್ದೆ ಕೆಡಿಸಬಾರದೆಂದು ಬಾಯಾರಿಕೆ ತಡೆದುಕೊಳ್ಳುವ ಆ ಜೀವಕ್ಕೆ ಬೇಕಾಗಿರುವುದು ಸೇವೆ ಮಾತ್ರವಲ್ಲ, ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಸರಳು.

ಕಾನೂನು ಏನೆನ್ನುತ್ತದೆ? 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಅನ್ನ, ಬಟ್ಟೆ, ವಾಸ, ಔಷಧೋಪಚಾರ ಇವನ್ನು ಪೋಷಣೆಯಲ್ಲಿ ಸೇರಿಸಿದೆ. ವಾಸವೆಂದರೆ ತಲೆಯ ಮೇಲೊಂದು ಸೂರೇ, ಕಾಲಿಗೊಂದು ಭರವಸೆಯೂ ಹೌದೇ ಎಂದು ಕೇಳಿದವರು ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಬಗ್ಗೆ ಮಾತಾಡುತ್ತದೆ, ನಮ್ಮ ಬಚ್ಚಲಿನ ತನಕ ಬರುವುದಿಲ್ಲ. ಮತಗಟ್ಟೆಯಾಗುವ ಶಾಲೆಗಳಿಗೆ ಇಳಿಜಾರು ಬಂದಿದೆ, ಒಳ್ಳೆಯದೇ. ಐದು ವರ್ಷಕ್ಕೊಮ್ಮೆ ಮತ ಹಾಕಲು ಅಜ್ಜಿ ಗಾಲಿಕುರ್ಚಿಯಲ್ಲಿ ಸಲೀಸಾಗಿ ಹೋಗಬಹುದು. ದಿನಕ್ಕೆ ಐದು ಸಲ ಹೋಗಬೇಕಾದ ಕಡೆ ಹೋಗಲಾರಳು. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆ ಶೌಚಾಲಯಕ್ಕೆ 12,000 ರೂಪಾಯಿ ಕೊಟ್ಟಿತು. ಎಷ್ಟೋ ಮನೆಗಳಿಗೆ ಅದು ದೊಡ್ಡ ಉಪಕಾರ. ಆದರೆ ನಾನು ಕಂಡ ಬಹಳಷ್ಟು ಶೌಚಾಲಯಗಳು ಹಿತ್ತಲಿನಲ್ಲಿ ಎರಡು ಮೆಟ್ಟಿಲ ಮೇಲಿವೆ, ಒಳಗೆ ಕುಕ್ಕರಗಾಲಲ್ಲಿ ಕೂರಬೇಕು. ಮೊಣಕಾಲು ಹಿಡಿದವರು ಕೂತರೂ ಏಳುವುದು ಹೇಗೆ?

ಜಪಾನಿನಲ್ಲಿ 2000ದಲ್ಲಿ ಜಾರಿಗೆ ಬಂದ ವೃದ್ಧರ ಆರೈಕೆಯ ವಿಮೆಯಲ್ಲಿ, ಹಿಡಿಕೆ ಜೋಡಿಸಲು, ನೆಲದ ಏರುತಗ್ಗು ಸರಿಪಡಿಸಲು, ಜಾರದ ನೆಲ ಹಾಕಿಸಲು, ಕುಕ್ಕರಗಾಲಿನ ಶೌಚಾಲಯವನ್ನು ಕುರ್ಚಿಯಂಥದಕ್ಕೆ ಬದಲಿಸಲು 2 ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ನೆರವುಂಟು. ಅದರಲ್ಲಿ ಸಣ್ಣ ಪಾಲನ್ನಷ್ಟೇ ಮನೆಯವರು ಕೊಡಬೇಕು. ಹಿಡಿಕೆಯೂ ಔಷಧವೇ ಎಂದು ಅವರು ಒಪ್ಪಿಕೊಂಡಿದ್ದಾರೆ.

ನಮ್ಮಲ್ಲಿ ಅಂಥ ನೆರವು ಬರುವವರೆಗೆ ಕಾಯಬೇಕಾಗಿಲ್ಲ. ಬಚ್ಚಲಿಗೆ ಒರಟು ಟೈಲ್ಸ್, ಕಮೋಡಿನ ಪಕ್ಕ ಎರಡೂವರೆ ಅಡಿಯಷ್ಟು ಎತ್ತರದಲ್ಲಿ ಗಟ್ಟಿ ಸರಳು, ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ, ಮೂರು ಅಡಿ ಅಗಲದ ಬಾಗಿಲು. ಅಂಗಳದ ಮೆಟ್ಟಿಲಿಗೆ ಇಳಿಜಾರು ಮಾಡಿಸುವುದಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇಲ್ಲದಿದ್ದರೆ ಅದೇ ಜಾರುಬಂಡಿ. ಹೊಸ್ತಿಲು ತೆಗೆದರೆ ಲಕ್ಷ್ಮಿ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಪೂಜೆಯ ಹೊಸ್ತಿಲು ತಲೆಬಾಗಿಲಲ್ಲಿ ಇರಲಿ, ಒಳಬಾಗಿಲುಗಳಿಗೆ ಏಕೆ? ಎಡವಿ ಬೀಳುವ ಮುದುಕಿಯೂ ಒಂದು ಕಾಲಕ್ಕೆ ಅಕ್ಕಿಯ ಸೇರು ಒದ್ದು ಒಳಗೆ ಬಂದ ಲಕ್ಷ್ಮಿಯೇ ಅಲ್ಲವೇ?

ನಕ್ಷೆ ಬರೆಸುವಾಗ ಗಂಡಸರು ಪಡಸಾಲೆಯ ಅಳತೆ ನೋಡುತ್ತಾರೆ, ನಾವು ಅಡಿಗೆಮನೆಯ ಕಟ್ಟೆ ನೋಡುತ್ತೇವೆ. ಬಚ್ಚಲನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಇನ್ನು ಮೇಲೆ ಬಿಡಬೇಡಿ.

ಅತ್ತೆಯವರು ತೀರಿಕೊಂಡ ಮೇಲೆ ನಮ್ಮ ಬಚ್ಚಲಿನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದೆವು. ಬಡಿಗ ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದ.