ರುಚಿಯ ಬರಹವೂ ಸೂರಿನ ಲೋಟವೂ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಈ ಬರಹ ಶುರು ಮಾಡಿದೆವು. ನಮ್ಮ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಹೊರಡುತ್ತವೆ. ತೆಲುಗಿನಲ್ಲಿ ಕುಡುಮುಲು ಅಂದರೆ ಕಡುಬು. ಊರಿನ ಹೆಸರು ಅದರಿಂದಲೇ ಬಂತು ಅಂತ ನಾವು ವಾದ ಹೂಡೋದಿಲ್ಲ. ಆದರೆ ಹಸಿದವನ ಕಿವಿಗೆ ಅದು ಕಡುಬಿನ ಕುಂಟೆ ಅಂತಲೇ ಕೇಳಿಸುತ್ತೆ. ಕೈಗಾರಿಕಾ ಪ್ರದೇಶ ಆದ ಮೇಲೆ ಇಲ್ಲಿ ಶಿಫ್ಟು ಬಿಟ್ಟ ಹುಡುಗ ಹುಡುಗಿಯರು, ಲಾರಿಯವರು, ದೂರದ ರಾಜ್ಯಗಳಿಂದ ಗುತ್ತಿಗೆ ಕೆಲಸಕ್ಕೆ ಬಂದವರು ಒಂದೇ ಒಲೆಯ ಮುಂದೆ ನಿಂತು ಟೀ ಕುಡೀತಾರೆ.

ನಮ್ಮ ಜೊತೆಗಿದ್ದ ಹಳ್ಳಿ ಶಾಲೆಯ ಮೇಷ್ಟ್ರು ಚೀಲದಿಂದ ಒಂದು ಲೇಖನ ತೆಗೆದರು. ಭೋಜನಪ್ರಿಯರೊಬ್ಬರು ಊರೂರು ತಿರುಗಿ ಹೋಟೆಲುಗಳಲ್ಲಿ ತಿಂದ ಅನುಭವ. ಬರೆದವರ ಹೆಸರು ಬೇಡ, ಯಾಕೆಂದರೆ ಅದನ್ನೇ ಬರೆಯುವ ಹತ್ತು ಜನ ಇದ್ದಾರೆ. ದೋಸೆ ಎಷ್ಟು ಗರಿಗರಿ, ತುಪ್ಪ ಹೇಗೆ ಅಂಚಿನಿಂದ ಇಳೀತು, ಡಿಕಾಕ್ಷನ್ನಿನ ಘಮ ಎಷ್ಟು ದೂರಕ್ಕೆ ಬಂತು, ಮಾಣಿ ಎಷ್ಟು ವಿನಯದಿಂದ ಬಡಿಸಿದ. ಓದಿದರೆ ಬಾಯಲ್ಲಿ ನೀರು ಬರುತ್ತೆ, ಇಲ್ಲ ಅನ್ನೋದಿಲ್ಲ. ಬರಹ ಬಲ್ಲವರ ಬರಹ. ಆದರೆ ಮೇಷ್ಟ್ರು ಕೇಳಿದ ಪ್ರಶ್ನೆ ನಮ್ಮನ್ನು ಬಿಡಲಿಲ್ಲ: "ಇವರು ಇಷ್ಟು ಹೋಟೆಲಿಗೆ ಹೋಗವ್ರೆ. ಒಂದರಾಗಾದ್ರೂ ಇವರನ್ನ ಯಾರಾದ್ರೂ 'ನೀನು ಯಾರ ಪೈಕಿ' ಅಂತ ಕೇಳವ್ರಾ?"

ಕೇಳಿಲ್ಲ. ಕೇಳದೆ ಇರುವುದರಿಂದಲೇ ಅವರಿಗೆ ರುಚಿಯ ಬಗ್ಗೆ ಬರೆಯೋಕೆ ಪುರುಸೊತ್ತು ಸಿಕ್ಕಿದೆ. ಹೋಟೆಲಿನ ಬಗ್ಗೆ ನಮಗೂ ಅನುಭವ ಉಂಟು. ಅದು ನಾಲಿಗೆಯಿಂದ ಶುರುವಾಗೋದಿಲ್ಲ, ಹೊಸಲಿನಿಂದ ಶುರುವಾಗುತ್ತೆ.

ನಮ್ಮಲ್ಲೊಬ್ಬರ ಬಾಲ್ಯದ ನೆನಪು ಇದು. ಊರಿನ ಹೆಸರು, ಹೋಟೆಲಿನವನ ಹೆಸರು ಇಲ್ಲಿ ಬೇಡ. ಸಂತೆಯ ದಿನ ಅಪ್ಪನ ಜೊತೆ ಹೋಗಿದ್ದು. ಅಪ್ಪ ಹೊರಗೇ ನಿಂತು, "ಸ್ವಾಮಿ, ಎರಡು ಟೀ" ಅಂದ. ಒಳಗಿನಿಂದ ಉತ್ತರ ಬಂತು: "ಸೂರಿನಾಗೆ ಐತಲ್ಲ ಲೋಟ, ತಗೊಳ್ಳೋ." ಹುಲ್ಲಿನ ಸೂರಿಗೆ ಸಿಕ್ಕಿಸಿದ್ದ ಎರಡು ಲೋಟ ಅಪ್ಪ ಎಳೆದು, ಅಂಗಿಯ ತುದಿಯಿಂದ ಜೇಡರ ಬಲೆ ಒರೆಸಿ, ಕೆಳಗೆ ಹಿಡಿದ. ಮೇಲಿನಿಂದ ಟೀ ಬಿತ್ತು. ಲೋಟಕ್ಕೆ ಬಿದ್ದಷ್ಟು ಲೋಟಕ್ಕೆ, ಕೈಮೇಲೆ ಬಿದ್ದಷ್ಟು ಕೈಗೆ. ಕಾಸನ್ನು ಕಟ್ಟೆ ಮೇಲಿಟ್ಟರೆ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡರು. "ತೊಳ್ದು ಸಿಗಿಸಿ ಹೋಗು" ಅಂದರು. ಆ ಟೀಯ ರುಚಿ ಹೇಗಿತ್ತು ಅಂತ ಯಾರಾದರೂ ಕೇಳಿದರೆ ಏನು ಹೇಳೋದು? ಸಕ್ಕರೆ ಸರಿಯಾಗೇ ಇತ್ತು.

ಇದು ಒಬ್ಬರ ಮನೆಯ ಕಥೆ ಅಲ್ಲ. 1901ರಲ್ಲಿ ಬಾಲಕ ಭೀಮರಾವ್ ಮಸೂರು ರೈಲು ನಿಲ್ದಾಣದಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ತಂದೆಯಿದ್ದ ಗೋರೆಗಾಂವ್‌ಗೆ ಹೊರಟಾಗ ಜೊತೆಗೆ ಬುತ್ತಿ ಇತ್ತು, ಆದರೆ ದಾರಿಯಲ್ಲಿ ಕುಡಿಯುವ ನೀರು ಕೊಡುವವರು ಇರಲಿಲ್ಲ. ಬುತ್ತಿ ಪಕ್ಕದಲ್ಲಿಟ್ಟುಕೊಂಡೇ ಮಕ್ಕಳು ಹಸಿದು ಮಲಗಿದರು. ಇದನ್ನು ಅಂಬೇಡ್ಕರ್ ಅವರೇ ಬರೆದಿಟ್ಟಿದ್ದಾರೆ. ಹೊರಗೆ ಊಟ ಮಾಡುವ ಅನುಭವವನ್ನು ಈ ದೇಶದಲ್ಲಿ ಬರೆದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಅವರು. ನಮ್ಮ ಭೋಜನಪ್ರಿಯರ ಪಟ್ಟಿಯಲ್ಲಿ ಅವರ ಹೆಸರು ಇರೋದಿಲ್ಲ.

ಸಂವಿಧಾನ ಬರೆದವರಿಗೆ ಹೋಟೆಲು ಎಂಥ ಜಾಗ ಅಂತ ಚೆನ್ನಾಗಿ ಗೊತ್ತಿತ್ತು. 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲು ಅಂತ ಹೆಸರು ಹಿಡಿದೇ ಹೇಳಿದ್ದಾರೆ, ಬಾವಿ ಕೆರೆಗಳ ಜೊತೆಗೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಹೋಗಿ ಹೋಟೆಲಿನ ಪಾತ್ರೆಯನ್ನೂ ಹೇಳುತ್ತೆ. ಅಂದರೆ ನಮ್ಮ ಸೂರಿನ ಲೋಟ ಪಾರ್ಲಿಮೆಂಟಿನವರೆಗೂ ಹೋಗಿ ಬಂದಿದೆ! 1976ರಲ್ಲಿ ಆ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರು ಬಂತು. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. 500 ರೂಪಾಯಿ ಅಂದರೆ ಈಗ ಭೋಜನಪ್ರಿಯರು ಹೊಗಳುವ ಹೋಟೆಲಿನಲ್ಲಿ ಒಂದು ಹೊತ್ತಿನ ಬಿಲ್ಲು. 1989ರ ದೌರ್ಜನ್ಯ ತಡೆ ಕಾಯಿದೆ ಇದಕ್ಕಿಂತ ಬಿಗಿ, ನಿಜ. ಆದರೆ ಲೋಟದ ಮೇಲೆ ದೂರು ಕೊಟ್ಟವನು ನಾಳೆ ಅದೇ ಊರಿನ ಹೊಲಕ್ಕೇ ಕೂಲಿಗೆ ಹೋಗಬೇಕು. ದಂಡದ ಲೆಕ್ಕಕ್ಕಿಂತ ಆ ಲೆಕ್ಕ ದೊಡ್ಡದು.

ನಮ್ಮ ತಾಲ್ಲೂಕಿನ ಹೆಮ್ಮೆ ಒಂದು ಹೇಳಬೇಕು. ದೂರದ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಕಂಪನ ಹಿಡಿಯುವ ಯಂತ್ರಗಳನ್ನು 1965ರಲ್ಲಿ ಗೌರಿಬಿದನೂರಿನ ಬಳಿ ಹೂಡಿದರು. 1976ರಲ್ಲಿ ಆಕಾಶದ ಸದ್ದು ಕೇಳುವ ರೇಡಿಯೋ ದೂರದರ್ಶಕವೂ ಬಂತು. ಪಾತಾಳದ್ದೂ ಕೇಳಿಸುತ್ತೆ, ನಕ್ಷತ್ರದ್ದೂ ಕೇಳಿಸುತ್ತೆ. ಸೂರಿನಿಂದ ಲೋಟ ಎಳೆಯುವ ಸದ್ದು ಮಾತ್ರ ಹತ್ತು ಮಾರು ದೂರದ ಪಂಚಾಯ್ತಿ ಆಫೀಸಿಗೂ ಕೇಳಿಸೋದಿಲ್ಲ.

ಇನ್ನು ಬೋರ್ಡುಗಳ ವಿಷಯ. ಭೋಜನಪ್ರಿಯರು ಹಳೇ ಹೋಟೆಲುಗಳ ಚರಿತ್ರೆ ಬಹಳ ಪ್ರೀತಿಯಿಂದ ಬರೀತಾರೆ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಆಮೇಲೆ ಹೆಸರು ಬದಲಾಯ್ತು. ರವೆ ಇಡ್ಲಿ ಹುಟ್ಟಿದ ಕಥೆ ಎಲ್ಲರೂ ಹೇಳ್ತಾರೆ. ಹೆಸರು ಯಾಕೆ ಹಾಗಿತ್ತು, ಆಗ ಆ ಬೋರ್ಡು ಓದಿ ಯಾರು ಯಾರು ಹೊರಗಿನಿಂದಲೇ ಮುಂದಕ್ಕೆ ಹೋದರು ಅಂತ ಕೇಳುವವರು ಇಲ್ಲ. ಇದು ಒಂದು ಹೋಟೆಲಿನ ಮೇಲಿನ ದೂರಲ್ಲ, ಆ ಕಾಲದ ಬೀದಿಯೇ ಹಾಗಿತ್ತು. ಮದರಾಸಿನಲ್ಲಿ 1957ರಲ್ಲಿ ಪೆರಿಯಾರ್ ಸಂಗಡಿಗರು ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ಅಳಿಸಿ ಅಂತ ದಿನಗಟ್ಟಲೆ ಪಿಕೆಟಿಂಗ್ ಮಾಡಿದರು. ಈಗ ನಮ್ಮ ಪಟ್ಟಣಗಳಲ್ಲಿ ನಡೆದು ನೋಡಿ. ಅಯ್ಯಂಗಾರ್ ಬೇಕರಿ ಉಂಟು, ಲಿಂಗಾಯತ ಖಾನಾವಳಿ ಉಂಟು, ಗೌಡರ ಮನೆ ಊಟ ಉಂಟು. ಹೊಲೆಯರ ಹೋಟೆಲು, ಮಾದಿಗರ ಖಾನಾವಳಿ ಅಂತ ಬೋರ್ಡು ಯಾವ ಬೀದಿಯಲ್ಲಿದೆ? ನಮ್ಮವರಿಗೆ ಅಡುಗೆ ಬರೋದಿಲ್ಲವೋ? ಬರುತ್ತೆ. ಬೋರ್ಡು ಹಾಕಿದರೆ ತಿನ್ನೋಕೆ ಯಾರು ಬರ್ತಾರೆ ಅನ್ನೋದು ಪ್ರಶ್ನೆ. ಒಂದು ಜಾತಿಯ ಹೆಸರು ಹೋಟೆಲಿಗೆ ಶುಚಿಯ ಸರ್ಟಿಫಿಕೇಟು, ಇನ್ನೊಂದರದ್ದು ವ್ಯಾಪಾರದ ಮರಣ. ಇದನ್ನು ಬಿಟ್ಟು ಹೋಟೆಲಿನ ವಿಮರ್ಶೆ ಬರೆಯುವುದು ಹೇಗೆ?

ಇಲ್ಲಿ ಒಂದು ಮಾತು ನ್ಯಾಯವಾಗಿ ಒಪ್ಪಬೇಕು. ಹೋಟೆಲು ಜಾತಿಯನ್ನು ಕಾಯ್ದಂತೆ ಒಡೆದಿದ್ದೂ ಉಂಟು. ಊರಿನಲ್ಲಿ ಸೂರಿನ ಲೋಟ ಹಿಡಿದವನು ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ಮೇಜಿನ ಮುಂದೆ ಕೂತ. ಗುರುತಿಲ್ಲದ ಊರು ಅವನಿಗೆ ಗೌರವ ಕೊಟ್ಟಿತು. 1980ರ ದಶಕದಲ್ಲಿ ದರ್ಶಿನಿಗಳು ಬಂದವು. ಟೋಕನ್ ತಗೊ, ನಿಂತು ತಿನ್ನು, ನಡಿ. ಅಲ್ಲಿ ಪಂಕ್ತಿ ಇಲ್ಲ, ಒಳಕೋಣೆ ಇಲ್ಲ. ಮಡಿಯನ್ನು ಕ್ರಾಂತಿ ಒಡೆಯಲಿಲ್ಲ, ಅವಸರ ಒಡೀತು. ಒಡೆದಷ್ಟೂ ಲಾಭವೇ. ಬಡಿಸುವ ಮಾಣಿಗಳೂ ಎಷ್ಟೋ ಜನ ಓದು ಬಿಟ್ಟು ಬಂದ ಬಡವರ ಮಕ್ಕಳು. ಹೋಟೆಲಿನಲ್ಲಿ ಮಕ್ಕಳನ್ನು ದುಡಿಸಬಾರದು ಅನ್ನೋ ಆದೇಶ ಜಾರಿಗೆ ಬಂದದ್ದೇ 2006ರ ಅಕ್ಟೋಬರಿನಲ್ಲಿ. ಭೋಜನಪ್ರಿಯರು ಮೆಚ್ಚಿದ ಆ 'ವಿನಯ'ದ ಹಿಂದೆ ಎಷ್ಟು ವರ್ಷದ ಹುಡುಗ ಇದ್ದ ಅಂತ ಅವರು ಬರೆಯಲಿಲ್ಲ.

ಆದರೆ ಸೂರಿನ ಲೋಟ ಎಲ್ಲಿ ಹೋಯ್ತು? ಅದು ಸಾಯಲಿಲ್ಲ, ವೇಷ ಬದಲಾಯಿಸಿತು. ಈಗ ಹಳ್ಳಿ ಹೋಟೆಲಿಗೆ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಅದೇ ಕೊಟ್ಟರೆ ನಮ್ಮ ತಕರಾರಿಲ್ಲ. ಊರಿನವರಿಗೆ ಸ್ಟೀಲು ಲೋಟ, ಕೇರಿಯವರಿಗೆ ಕಾಗದದ್ದು ಅಂತಾದರೆ? ಕೇಳಿದರೆ "ಕ್ಲೀನ್ ಇರ್ತದೆ ಕಣಯ್ಯ" ಅನ್ನೋ ಉತ್ತರ. ತೊಳೆಯೋ ಕೆಲಸ ತಪ್ಪಿತಲ್ಲ ಅಂತ ನಾವೇ ಖುಷಿ ಪಡಬೇಕಂತೆ! ಆರೋಗ್ಯದ ಮಾತು ಮುಂದಿಟ್ಟರೆ ಮೈಲಿಗೆಯನ್ನು ಕಾಯಿದೆಯೂ ಹಿಡಿಯೋದು ಕಷ್ಟ.

ಈಗ ಸಾಹಿತ್ಯಕ್ಕೆ ಬರೋಣ. ರುಚಿಯ ಮಾತು ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ರಸ ಅಂದರೇನು ಅಂತ ತಿಳಿಸೋಕೆ ಕೊಟ್ಟ ಹೋಲಿಕೆಯೇ ಊಟದ್ದು. ನಾನಾ ವ್ಯಂಜನ ಬೆರೆತ ಅನ್ನವನ್ನು ಸುಮನಸ್ಕನಾದವನು ಸವಿಯುವ ಹಾಗೆ ಅಂತ. ಆ ಸುಮನಸ್ಕ ಯಾವ ಪಂಕ್ತಿಯಲ್ಲಿ ಕೂತಿದ್ದ? ಎಲೆ ಎತ್ತಿದವರು ಯಾರು? ಅಭಿರುಚಿ, ಸಹೃದಯ, ರಸಿಕ ಅನ್ನೋ ಮಾತೆಲ್ಲ ಒಳಕೋಣೆಯ ಮಾತುಗಳು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯ ಬೂಸಾ ಅಂದಾಗ ನಾಡೆಲ್ಲ ಬೆಂಕಿ ಹತ್ತಿತು, ಅವರು ಮಂತ್ರಿ ಪದವಿ ಬಿಡಬೇಕಾಯ್ತು. ದನದ ತಿಂಡಿಯ ಹೆಸರು ಹೇಳಿದ್ದಕ್ಕೆ ಅಷ್ಟು ಸಿಟ್ಟು ಬಂದವರಿಗೆ, ಮನುಷ್ಯನಿಗೆ ಸೂರಿನ ಲೋಟ ಕೊಟ್ಟಿದ್ದಕ್ಕೆ ಬಂದ ಸಿಟ್ಟು ಎಷ್ಟು?

ಊಟವನ್ನು ಬೇರೆ ಥರ ಬರೆದವರೂ ಕನ್ನಡದಲ್ಲಿ ಇದ್ದಾರೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಸೊರಗುತ್ತೆ, ರಾಗಿ ಗಟ್ಟಿಯಾಗಿ ನಿಲ್ಲುತ್ತೆ. ಧಾನ್ಯಕ್ಕೂ ಜಾತಿ ಉಂಟು ಅಂತ ತಿಳಿದು ಬರೆದ ಕಾವ್ಯ ಅದು. ನಮ್ಮ ಗೌರಿಬಿದನೂರಿನ ಮುದ್ದೆ, ಉಪ್ಸಾರಿಗೆ 'ಮುದ್ದೆ ಜನ' ಅಂತ ನಕ್ಕವರು, 2023ರ ಸಿರಿಧಾನ್ಯ ವರ್ಷದಲ್ಲಿ ಅದೇ ರಾಗಿಯನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು ಆರೋಗ್ಯದ ಊಟ ಅಂದರು. ರಾಗಿಗೆ ಮರ್ಯಾದೆ ಬಂತು. ರಾಗಿ ಬೆಳೆದವಳಿಗೆ? ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ತಿನ್ನುತ್ತಾರೆ. ಅಲ್ಲೂ ರುಚಿ ಉಂಟು, ನಗು ಉಂಟು, ಹಬ್ಬದ ಸಡಗರ ಉಂಟು. ಅದರ ಬೆನ್ನಿಗೇ ಪೊಲೀಸರು ಬರ್ತಾರೆ. ಹಸಿವು ಮತ್ತು ಪೊಲೀಸು ಎರಡನ್ನೂ ಬಿಡದೆ ಬರೆದಿದ್ದರಿಂದ ಆ ಕಡಲೆಕಾಯಿಯ ರುಚಿ ನಮ್ಮ ಬಾಯಲ್ಲಿ ಉಳಿದಿದೆ. ರುಚಿಯನ್ನು ಬರೆಯಬಾರದು ಅಂತ ನಾವು ಹೇಳುತ್ತಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಇದು ಹಳೇ ಪುರಾಣ ಅನ್ನುವವರು 2024ರ ಡಿಸೆಂಬರನ್ನು ನೆನೆಯಲಿ. ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸದ ಊಟವನ್ನೂ ಸೇರಿಸಿ ನಿಷೇಧ ಹಾಕಿದರು. ಮುದ್ದೆ, ಬಾಡಿನ ಸಾರಿನ ಸೀಮೆಯಲ್ಲಿ! ಹೋರಾಟಗಾರರು ಬೀದಿಗಿಳಿದು ನಮಗೆ ಬಾಡೂಟ ಬೇಕು ಅಂದರು. ಅದನ್ನು ನಾಲಿಗೆ ಚಪಲ ಅಂತ ನಕ್ಕವರು ಇದ್ದಾರೆ. ಕೇಳಿದ್ದು ಒಂದು ತುಂಡು ಬಾಡು ಮಾತ್ರ ಅಲ್ಲ. ಕನ್ನಡದ ಹೆಸರಿನ ಪಂಕ್ತಿಯಲ್ಲಿ ನಮ್ಮ ಮನೆಯ ಸಾರಿಗೆ ಜಾಗ ಉಂಟೋ ಇಲ್ಲವೋ ಅಂತ ಕೇಳಿದ್ದು.

ಆದ್ದರಿಂದ ಗೆಳೆಯರೆ, ಭೋಜನಪ್ರಿಯರ ಬರಹವನ್ನು ಸುಡಬೇಕಾಗಿಲ್ಲ. ಅದರ ಪಕ್ಕದಲ್ಲಿ ನಮ್ಮದನ್ನು ಇಡಬೇಕು. ಹಳ್ಳಿಯ ಮೇಷ್ಟ್ರುಗಳು, ಹಾಸ್ಟೆಲಿನ ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ. ನಿಮ್ಮ ಊರಿನ ಹೋಟೆಲಿಗೆ ಹೋಗಿ, ಟೀ ಕುಡಿಯಿರಿ, ಬರೆಯಿರಿ. ಟೀ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತಲೇ ಬರೆಯಿರಿ. ಅದರ ಜೊತೆಗೆ ಯಾರು ಒಳಗೆ ಕೂತರು, ಯಾರು ಹೊರಗೆ ನಿಂತರು, ಯಾರಿಗೆ ಯಾವ ಲೋಟ ಬಂತು, ತೊಳೆದವರು ಯಾರು, ಅವರ ವಯಸ್ಸೆಷ್ಟು, ದಿನಕ್ಕೆ ಕೂಲಿ ಎಷ್ಟು, ಇದನ್ನೂ ಬರೆಯಿರಿ.

ಕುಡುಮಲಕುಂಟೆಯ ಆ ಬೆಂಚಿನ ಮೇಲೆ ಅವತ್ತು ಯಾರೂ ನಮ್ಮನ್ನು ಯಾರ ಪೈಕಿ ಅಂತ ಕೇಳಲಿಲ್ಲ. ಎಲ್ಲರಿಗೂ ಒಂದೇ ಗಾಜಿನ ಲೋಟ. ಟೀ ಸ್ವಲ್ಪ ಒಗರಾಗಿತ್ತು. ಮೇಷ್ಟ್ರು ಇನ್ನೊಂದು ಲೋಟ ಹೇಳಿದರು.