ಚಮಚ ಹಿಡಿದ ಡಾಕ್ಟರು, ಬಿಲ್ಲು ಹಿಡಿದ ರಾಬಿನ್

ತರಗತಿಯಲ್ಲಿ ಕಥೆ ಹೇಳಿ ಮುಗಿಸಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮಿಸ್, ಇದು ನಿಜವಾಗ್ಲೂ ನಡೆದಿದ್ದಾ?" ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಈ ಪ್ರಶ್ನೆಗೆ ನಾನು ಎಷ್ಟು ಬಗೆಯ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಂದು ಉತ್ತರ ಮಾತ್ರ ಇಂದಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ.

ಆಗ ಏಳನೇ ತರಗತಿಗೆ ಇಂಗ್ಲಿಷ್ ಪಾಠ ನನ್ನದು. ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತೆಂದು ರಾಬಿನ್ ಹುಡ್‌ನ ಕಥೆ ಹೇಳಿದೆ. ಉಳ್ಳವರನ್ನು ದೋಚಿ ಇಲ್ಲದವರಿಗೆ ಹಂಚುತ್ತಿದ್ದ ಶೆರ್‌ವುಡ್ ಕಾಡಿನ ಬಿಲ್ಲುಗಾರ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅವನು ನಿಜವಾಗ್ಲೂ ಇದ್ದನಾ ಮಿಸ್?" ಅಂದಳು. ನನಗೆ ಅವಸರ. "ಇಲ್ಲಮ್ಮ, ಅದೆಲ್ಲ ಬರೀ ಕಥೆ, ಕೂತ್ಕೋ" ಅಂದೆ. ಹುಡುಗಿ ಕೂತಳು. ಮುಖ ಬಾಡಿದ್ದು ಕಂಡಿತು, ಆದರೆ ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ವಾರ ಬಡ್ಡಿಗೆ ಸಾಲ ಕೊಟ್ಟವರು ಅವಳ ಅಪ್ಪನ ತಳ್ಳುವ ಗಾಡಿ ಎಳೆದುಕೊಂಡು ಹೋಗಿದ್ದರೆಂಬುದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ಅವಳ ತಾಯಿ ಶಾಲೆಗೆ ಬಂದಾಗ.

ಈಚೆಗೆ ಮಗಳು ರಜಕ್ಕೆ ಬಂದಿದ್ದಾಗ, "ಅಮ್ಮಾ, ನಿಮ್ಮ ರಾಬಿನ್ ಹುಡ್ ಬರ್ತಾನೆ, ನೋಡು" ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಕಂತನ್ನು ಹಾಕಿಕೊಟ್ಟಳು. ಬಿ.ಬಿ.ಸಿ.ಯ 'ಡಾಕ್ಟರ್ ಹೂ' ಧಾರಾವಾಹಿಯದು. ಹೆಸರು 'ರೋಬಾಟ್ ಆಫ್ ಶೆರ್‌ವುಡ್'. ಪ್ರಸಾರವಾದದ್ದು 2014ರ ಸೆಪ್ಟೆಂಬರ್ 6ರಂದು, ಬರೆದವರು ಮಾರ್ಕ್ ಗೇಟಿಸ್. ಮುಕ್ಕಾಲು ಗಂಟೆಯ ಹುಡುಗಾಟ. ನಕ್ಕು ನಕ್ಕು ಮುಗಿಸಿದೆ. ಆದರೆ ರಾತ್ರಿ ಮಲಗಿದ ಮೇಲೆ ಆ ಎರಡನೇ ಬೆಂಚಿನ ಹುಡುಗಿ ಮತ್ತೆ ಎದ್ದು ನಿಂತಳು.

ಈ ಧಾರಾವಾಹಿಯನ್ನು ನೋಡದವರಿಗಾಗಿ ಎರಡು ಮಾತು. 1963ರ ನವೆಂಬರ್ 23ರಂದು ಶುರುವಾದದ್ದು ಇದು. ಡಾಕ್ಟರ್ ಎಂದಷ್ಟೇ ಹೆಸರುಳ್ಳ ಒಬ್ಬ ಅನ್ಯಲೋಕದವನು. ಅವನದೊಂದು ನೀಲಿ ಪೊಲೀಸ್ ಪೆಟ್ಟಿಗೆ. ಹೊರಗಿನಿಂದ ಕಪಾಟಿನಷ್ಟು, ಒಳಗೆ ಅರಮನೆಯಷ್ಟು. ಅದರಲ್ಲಿ ಕೂತು ಯಾವ ಕಾಲಕ್ಕಾದರೂ ಯಾವ ಲೋಕಕ್ಕಾದರೂ ಹೋಗುತ್ತಾನೆ. ಸಾವು ಹತ್ತಿರ ಬಂದರೆ ಮೈಯನ್ನೇ ಬದಲಿಸಿಕೊಳ್ಳುತ್ತಾನೆ. ನಟರು ಬದಲಾದರೂ ಕಥೆ ನಿಲ್ಲದಿರುವ ಗುಟ್ಟು ಇದೇ. ಮೊಟ್ಟಮೊದಲ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಎಂಬ ಹೆಣ್ಣುಮಗಳು. ಮೊಟ್ಟಮೊದಲ ಕಂತಿನಲ್ಲಿ ಡಾಕ್ಟರನ ಪೆಟ್ಟಿಗೆ ಹತ್ತಿದ ಹೊರಗಿನವರಿಬ್ಬರೂ ಕೋಲ್ ಹಿಲ್ ಎಂಬ ಶಾಲೆಯ ಉಪಾಧ್ಯಾಯರು. ಅವರಲ್ಲಿ ಬಾರ್ಬರಾ ಇತಿಹಾಸದ ಟೀಚರ್. ನಾನು ಹೇಳುತ್ತಿರುವ ಕಂತಿನ ಕ್ಲಾರಾ ಕೂಡ ಅದೇ ಶಾಲೆಯ ಇಂಗ್ಲಿಷ್ ಟೀಚರ್! ನನಗೆ ಒಲವು ಹುಟ್ಟಲು ಇಷ್ಟು ಸಾಲದೇ?

ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತೇನೆ, ಕೇಳು ಎಂದು ಡಾಕ್ಟರ್ ಹೇಳಿದಾಗ ಕ್ಲಾರಾ ಸ್ವಲ್ಪ ನಾಚಿಕೊಂಡೇ ಕೇಳುವುದು ರಾಬಿನ್ ಹುಡ್‌ನನ್ನು. ಅಂಥವನು ಇರಲೇ ಇಲ್ಲ, ಹಳೇ ಕಾಲದ ವೀರರೆಲ್ಲ ಪುಸ್ತಕದಲ್ಲಿ ಮಾತ್ರ ಎಂದು ಡಾಕ್ಟರ್ ಗೊಣಗುತ್ತಾನೆ. ಆದರೂ ಅವಳಿಗೆ ಬೇಸರವಾಗಬಾರದೆಂದು 1190ರ ಸುಮಾರಿನ ಶೆರ್‌ವುಡ್ ಕಾಡಿಗೆ ಪೆಟ್ಟಿಗೆ ಇಳಿಸುತ್ತಾನೆ. ಬಾಗಿಲು ತೆರೆದು, ನೋಡು, ಇಲ್ಲಿ ಯಾವ ರಾಬಿನ್ನೂ ಇಲ್ಲ ಎನ್ನುವಷ್ಟರಲ್ಲಿ ಬಾಣವೊಂದು ಸುಂಯ್ ಎಂದು ಬಂದು ಪೆಟ್ಟಿಗೆಗೇ ನಾಟುತ್ತದೆ. ಎದುರಿಗೆ ಹಸಿರು ಉಡುಪು, ಚೂಪು ಗಡ್ಡ, ಸೊಂಟದ ಮೇಲೆ ಕೈ, ಮುಖದ ತುಂಬ ನಗು. ಸಾಕ್ಷಾತ್ ರಾಬಿನ್ ಹುಡ್!

ಆಮೇಲಿನದು ಇಬ್ಬರು ಗಂಡಸರ ಜಂಬದ ಜಗಳ. ಹೊಳೆಗೆ ಅಡ್ಡಲಾಗಿ ಬಿದ್ದ ಮರದ ದಿಮ್ಮಿಯ ಮೇಲೆ ರಾಬಿನ್ ಕತ್ತಿ ಹಿರಿದರೆ ಡಾಕ್ಟರ್ ಜೇಬಿನಿಂದ ತೆಗೆಯುವುದು ಒಂದು ಚಮಚ. ಚಮಚದಿಂದಲೇ ಕತ್ತಿಯನ್ನು ತಡೆಯುತ್ತಾನೆ, ಕೊನೆಗೆ ನೀರಿಗೂ ಬೀಳುತ್ತಾನೆ. ಡಾಕ್ಟರ್ ಪಾತ್ರದ ಪೀಟರ್ ಕಪಾಲ್ಡಿ ಆಗ ಐವತ್ತಾರರ ಮನುಷ್ಯ. ಸೋಲೊಪ್ಪದ ಸಿಡುಕ ಅಜ್ಜನ ಹುಬ್ಬು ಅವರದು. ರಾಬಿನ್ ಆಗಿರುವ ಟಾಮ್ ರೈಲಿ ಮಾತು ಮಾತಿಗೂ ಗಹಗಹಿಸಿ ನಗುತ್ತಾರೆ. ಒಬ್ಬನ ನಗು ಇನ್ನೊಬ್ಬನಿಗೆ ಉರಿ. ಬಿಲ್ವಿದ್ಯೆಯ ಪಂದ್ಯದಲ್ಲಂತೂ ಒಬ್ಬನ ಬಾಣವನ್ನು ಇನ್ನೊಬ್ಬನ ಬಾಣ ಸೀಳಿ, ಅದನ್ನು ಮತ್ತೊಂದು ಸೀಳಿ, ಕೊನೆಗೆ ಬೇಸತ್ತ ಡಾಕ್ಟರ್ ಗುರಿಹಲಗೆಯನ್ನೇ ಸಿಡಿಸಿಬಿಡುತ್ತಾನೆ. ಮೇಲಾಗಿ ಅವನ ಬಾಣಗಳು ಯಂತ್ರದ ಮೋಸದವು!

ಅಲ್ಲಿಂದ ಇಬ್ಬರೂ ಕ್ಲಾರಾಳ ಜೊತೆ ನಾಟಿಂಗ್‌ಹ್ಯಾಮ್ ಕೋಟೆಯ ನೆಲಮಾಳಿಗೆಗೆ. ಸಂಕೋಲೆ ಬಿದ್ದರೂ ಇವರ ಬಾಯಿಗೆ ಬೀಗವಿಲ್ಲ. ಯಾರ ಉಪಾಯ ದೊಡ್ಡದು, ಯಾರು ಮೊದಲು ಸಾಯುತ್ತಾರೆ ಎಂದು ಕಿತ್ತಾಟ. ಕ್ಲಾರಾ ಪುಂಡ ಹುಡುಗರನ್ನು ಗದರುವ ಹಾಗೆ ಇಬ್ಬರನ್ನೂ ಗದರಿ, ಏನು ನಿಮ್ಮ ಉಪಾಯ, ಹೇಳಿ ನೋಡೋಣ ಎಂದರೆ ಇಬ್ಬರ ಹತ್ತಿರವೂ ಏನೂ ಇಲ್ಲ. ಇದನ್ನೆಲ್ಲ ಕೇಳಿಸಿಕೊಂಡ ಕಾವಲುಗಾರ ಒಳಗೆ ಬರುತ್ತಾನೆ. ಈ ಮೂವರಲ್ಲಿ ಮುಖ್ಯಸ್ಥರು ಯಾರೋ ಅವರನ್ನು ಕರೆದುಕೊಂಡು ಬಾ ಎಂದು ಷೆರಿಫ್‌ನ ಅಪ್ಪಣೆ. ಗಂಡಸರಿಬ್ಬರೂ ನಾನು ತಾನು ಎಂದು ಕೂಗುತ್ತಿರುವಾಗ ಅವನು ಕರೆದೊಯ್ಯುವುದು ಕ್ಲಾರಾಳನ್ನು! ಈ ದೃಶ್ಯದಲ್ಲಿ ನಾನು ಚಪ್ಪಾಳೆ ತಟ್ಟಿದೆ. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಇಂಥದನ್ನು ಕಂಡ ಯಾವ ಹೆಂಗಸಾದರೂ ತಟ್ಟುತ್ತಾಳೆ. ಅವಳು ಹೋದ ಮೇಲೆ ಈ ಮಹಾಶಯರು ಕಾವಲುಗಾರನನ್ನು ಕೆಡವಿ ಕೀಲಿಕೈ ಸಂಪಾದಿಸುತ್ತಾರೆ. ಸಂಪಾದಿಸಿ ಮೋರಿಗೆ ಬೀಳಿಸುತ್ತಾರೆ.

ಕ್ಲಾರಾ ಷೆರಿಫ್‌ನ ಊಟದ ಮೇಜಿನಲ್ಲಿ ಮಾಡುವುದು ಅಪ್ಪಟ ಟೀಚರ ಕೆಲಸ. ಆಕಾಶದಿಂದ ಬಂದ ಬೆಳಕನ್ನು ತಾನೂ ಕಂಡವಳಂತೆ ಮಾತಾಡಿ, ಮೊದಲು ನೀವು ಹೇಳಿ ಎಂದು ಅವನನ್ನೇ ಮಾತಿಗೆಳೆದು, ಪೂರ್ತಿ ಕಥೆ ಹೊರಗೆ ಬಂದ ಮೇಲೆ, ನಾನೇನೂ ಕಂಡಿಲ್ಲ, ಸುಳ್ಳು ಹೇಳಿದೆ ಎಂದುಬಿಡುತ್ತಾಳೆ. ಕಿಟಕಿಯ ಗಾಜು ಒಡೆದ ಹುಡುಗನಿಂದ ನಿಜ ಹೊರಡಿಸಲು ನಾವು ಬಳಸುವ ಉಪಾಯವೂ ಇದೇ ಅಲ್ಲವೇ?

ಹೀಗೆ ಹೊರಬಿದ್ದ ಸಂಗತಿ ಇದು: ಬಾನಿಂದ ಬಿದ್ದ ಹಡಗೊಂದು ಕೋಟೆಯ ವೇಷದಲ್ಲಿ ನಿಂತಿದೆ. ಅದರೊಳಗಿನ ಯಂತ್ರಮಾನವರು ಷೆರಿಫ್‌ಗೆ ರಾಜ್ಯದ ಆಸೆ ತೋರಿಸಿ, ಕೆಟ್ಟ ಎಂಜಿನ್ನಿನ ರಿಪೇರಿಗೆ ಬಡವರ ಕೈಯಲ್ಲಿ ಚಿನ್ನ ಕರಗಿಸುತ್ತಿದ್ದಾರೆ. ಹಡಗಿನ ಗಣಕದಲ್ಲಿ ರಾಬಿನ್ ಹುಡ್‌ನ ಕಥೆಗಳೆಲ್ಲ ಸಿಕ್ಕಾಗ ಡಾಕ್ಟರನಿಗೆ ಗೆದ್ದಷ್ಟು ಖುಷಿ. ನೋಡಿದಿರಾ, ಈ ರಾಬಿನ್ನೂ ಯಂತ್ರವೇ, ಬಡವರಿಗೆ ಸುಳ್ಳು ಆಸೆ ತೋರಿಸಿ ತೆಪ್ಪಗಿರಿಸಲು ಷೆರಿಫ್ ಮಾಡಿಸಿದ ಬೊಂಬೆ ಎನ್ನುತ್ತಾನೆ. ಷೆರಿಫ್‌ಗೇ ಅರ್ಥವಾಗುವುದಿಲ್ಲ. ನನ್ನ ಶತ್ರುವನ್ನು ನಾನೇ ಮಾಡಿಸಿಕೊಳ್ಳುತ್ತೇನೆಯೇ ಎಂದು ಅವನ ಪ್ರಶ್ನೆ. ಬುದ್ಧಿವಂತರು ಅತಿಯಾಗಿ ಅನುಮಾನಿಸಿದರೆ ಕಣ್ಣೆದುರಿಗಿನ ಮನುಷ್ಯನೂ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕೇ?

ಇಲ್ಲಿ ಸ್ವಲ್ಪ ಹಳೆಯ ಕಡತ ತೆಗೆಯಬೇಕು. ಡಾಕ್ಟರನ ಅನುಮಾನಕ್ಕೆ ಆಧಾರವಿಲ್ಲವೆಂದಲ್ಲ. 1377ರ ಸುಮಾರಿಗೆ ವಿಲಿಯಂ ಲ್ಯಾಂಗ್ಲಂಡ್ ಬರೆದ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ರಾಬಿನ್ ಹುಡ್‌ನ ಪದಗಳ ಮೊದಲ ಪ್ರಸ್ತಾಪ ಬರುತ್ತದೆ. ಅಲ್ಲಿನ ಸೋಮಾರಿ ಪಾದ್ರಿಗೆ ದೇವರ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್‌ನ ಪದ ಮಾತ್ರ ಬರುತ್ತದೆ! 1500ರ ಹೊತ್ತಿಗೆ ಅಚ್ಚಾದ ಉದ್ದನೆಯ ಲಾವಣಿಯಲ್ಲಿ ಅವನು ಶ್ರೀಮಂತನಲ್ಲ, ಸಾಮಾನ್ಯ ರೈತಕುಲದ ಬಿಲ್ಲುಗಾರ. ಅಲ್ಲಿನ ರಾಜ ರಿಚರ್ಡ್ ಅಲ್ಲ, ಎಡ್ವರ್ಡ್. ರಿಚರ್ಡನ ಕಾಲಕ್ಕೆ ಅವನನ್ನು ತಂದು ಕೂರಿಸಿದವರು ಜಾನ್ ಮೇಜರ್ ಎಂಬ ಇತಿಹಾಸಕಾರರು, 1521ರಲ್ಲಿ. ಜಹಗೀರುದಾರನನ್ನಾಗಿ ಮಾಡಿದ್ದು 1598ರಲ್ಲಿ ಆಂಟನಿ ಮುಂಡೇ ಬರೆದ ನಾಟಕಗಳು. ಬಾಣವನ್ನು ಬಾಣದಿಂದ ಸೀಳುವುದು ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' ಕಾದಂಬರಿಯಲ್ಲಿದೆ. 1938ರ ಎರಾಲ್ ಫ್ಲಿನ್ ಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ಪ್ರೇಯಸಿ ಮೇರಿಯನ್ ಅಂತೂ ಹಳೆಯ ಲಾವಣಿಗಳಲ್ಲಿ ಇಲ್ಲವೇ ಇಲ್ಲ. ವಸಂತದ ಹಬ್ಬದ ಆಟಗಳಿಂದ ಬಂದು ಸೇರಿಕೊಂಡವಳು ಅವಳು.

ಅಂದರೆ ಒಬ್ಬೊಬ್ಬರು ಒಂದೊಂದು ಎಳೆ ಸೇರಿಸಿ ನೇಯ್ದ ಕೌದಿ ಇದು. ಕಂತಿನವರಿಗೆ ಇದು ಚೆನ್ನಾಗಿ ಗೊತ್ತು. ಗಣಕದಲ್ಲಿ ಮೂಡುವ ರಾಬಿನ್ ಚಿತ್ರಗಳಲ್ಲಿ ಒಂದು ಪ್ಯಾಟ್ರಿಕ್ ಟ್ರೌಟನ್ ಅವರದು. 1953ರಲ್ಲಿ ಬಿ.ಬಿ.ಸಿ.ಯಲ್ಲಿ ರಾಬಿನ್ ಹುಡ್ ಆಗಿದ್ದವರು, 1966ರಿಂದ 1969ರವರೆಗೆ ಎರಡನೆಯ ಡಾಕ್ಟರ್ ಆಗಿದ್ದವರು. ಡಾಕ್ಟರನೂ ರಾಬಿನ್ನನೂ ಒಂದೇ ಮರದ ಕೊಂಬೆಗಳೆಂದು ಬಲ್ಲವರಿಗೆ ಕಣ್ಸನ್ನೆ.

ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಕೊನೆಗೆ ಚಿನ್ನ ಸಾಲದೆ ಹಡಗು ತತ್ತರಿಸುತ್ತ ಏಳುವಾಗ ಡಾಕ್ಟರ್, ರಾಬಿನ್, ಕ್ಲಾರಾ ಮೂವರೂ ಸೇರಿ ಪಂದ್ಯದ ಚಿನ್ನದ ಬಾಣವನ್ನು ಅದಕ್ಕೆ ಹೊಡೆಯುತ್ತಾರೆ. ಅಷ್ಟು ಚಿನ್ನ ತಗುಲಿದ್ದೇ ತಡ, ಹಡಗು ಮೇಲೇರಿ ಸಿಡಿಯುತ್ತದೆ! ಗೋಡೆಯ ಹೊರಗೆ ಬೆಲ್ಲ ಮೆತ್ತಿ ಒಳಗಿನ ಪಾಯಸ ಸಿಹಿಯಾಯಿತು ಅಂದ ಹಾಗೆ. ನಮ್ಮ ವಿಜ್ಞಾನದ ಮೇಷ್ಟರು ನೋಡಿದರೆ ಸೊನ್ನೆ ಹಾಕುತ್ತಾರೆ. ಷೆರಿಫ್‌ನ ಅಂತ್ಯವೂ ಸ್ವಲ್ಪ ಕುಂಟುತ್ತದೆ. ಅವನ ತಲೆ ಕಡಿಯುವ, ಅವನೂ ಅರೆಯಂತ್ರವೆಂದು ತೋರಿಸುವ ತುಣುಕೊಂದಿತ್ತು. ಆ ದಿನಗಳಲ್ಲಿ ಉಗ್ರರು ಪತ್ರಕರ್ತರನ್ನು ಹಾಗೆಯೇ ಕೊಂದ ಸುದ್ದಿ ಹಸಿಯಾಗಿದ್ದುದರಿಂದ ಬಿ.ಬಿ.ಸಿ. ಅದನ್ನು ತೆಗೆದುಹಾಕಿತು. ಕಥೆ ಕುಂಟಿದರೂ ಅದು ಸರಿಯಾದ ಕೆಲಸವೆಂದೇ ನನ್ನ ಭಾವನೆ.

ನನ್ನ ನಿಜವಾದ ತಕರಾರು ಮೇರಿಯನ್ ಬಗ್ಗೆ. ನೆಲಮಾಳಿಗೆಯ ಕೂಲಿಗಳ ನಡುವೆ ಹೆಸರಿಲ್ಲದ ಒಬ್ಬ ಹೆಣ್ಣುಮಗಳಿದ್ದಾಳೆ. ದಂಗೆಯ ಹೊತ್ತಿನಲ್ಲಿ ಡಾಕ್ಟರನ ಬಲಗೈ ಅವಳೇ. ಯಂತ್ರಗಳ ಮುಖದಿಂದ ಹೊಮ್ಮುವ ಸುಡುವ ಕಿರಣವನ್ನು ಜನ ಫಳಫಳ ಹೊಳೆಯುವ ತಟ್ಟೆಗಳನ್ನು ಅಡ್ಡ ಹಿಡಿದು ಅವುಗಳ ಮೇಲೆಯೇ ತಿರುಗಿಸುತ್ತಾರೆ. ಕತ್ತಿಗೆ ಚಮಚ, ಕಿರಣಕ್ಕೆ ತಟ್ಟೆ. ಅಡುಗೆಮನೆಯ ಸಾಮಾನು ಗೆದ್ದಿತಲ್ಲ ಎಂದು ನಾನು ಹಿಗ್ಗುತ್ತಿದ್ದೆ. ಆದರೆ ಕೊನೆಯಲ್ಲಿ ಅವಳೇ ರಾಬಿನ್ ಕಳೆದುಕೊಂಡಿದ್ದ ಮೇರಿಯನ್ ಎಂದು ಗೊತ್ತಾಗುತ್ತದೆ. ಡಾಕ್ಟರ್ ಹೋಗುತ್ತ ರಾಬಿನ್‌ಗೆ ಉಡುಗೊರೆ ಬಿಟ್ಟು ಹೋಗುತ್ತಾನೆ. ಪೆಟ್ಟಿಗೆ ಮಾಯವಾದ ಜಾಗದಲ್ಲಿ ನಿಂತವಳು ಅವಳು. ತಟ್ಟೆ ಹಿಡಿದು ಹೋರಾಡಿದವಳು ತಾಂಬೂಲದ ತಟ್ಟೆಯಲ್ಲಿಟ್ಟ ಉಡುಗೊರೆಯಾದಳು! ಕ್ಲಾರಾಳಿಗೆ ಅಷ್ಟು ಮಾತು ಕೊಟ್ಟವರು ಇವಳಿಗೆ ನಾಲ್ಕು ಮಾತು ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಇರಲಿ. ಇಷ್ಟೆಲ್ಲ ಕೊರತೆಯನ್ನು ತುಂಬಿಕೊಡುವುದು ಬೀಳ್ಕೊಡುವ ಮುನ್ನಿನ ಎರಡು ನಿಮಿಷ. ಮುಂದಿನ ಕಾಲದಲ್ಲಿ ತಾನು ಬದುಕಿದ್ದ ಮನುಷ್ಯನೆಂಬುದನ್ನು ಜನ ಮರೆತು, ಬರೀ ಕಥೆಯೆಂದುಕೊಳ್ಳುತ್ತಾರಂತೆ, ನಿಜವೇ ಎಂದು ರಾಬಿನ್ ಕೇಳುತ್ತಾನೆ. ನಿಜ ಎನ್ನುತ್ತಾನೆ ಡಾಕ್ಟರ್. ರಾಬಿನ್ ನೊಂದುಕೊಳ್ಳುವುದಿಲ್ಲ, ಒಳ್ಳೆಯದೇ ಆಯಿತು ಎನ್ನುತ್ತಾನೆ. ಇತಿಹಾಸ ಹೊರೆ, ಕಥೆಗೆ ರೆಕ್ಕೆಯುಂಟು ಎಂಬುದು ಅವನ ಭಾವ. ಆಮೇಲೆ, ಕ್ಲಾರಾ ನಿನ್ನ ಕಥೆಯನ್ನೂ ಹೇಳಿದ್ದಾಳೆ ಎಂದು ಅವನು ಡಾಕ್ಟರನ ಕಡೆ ತಿರುಗುತ್ತಾನೆ. ಅನುಕೂಲವಂತರ ಮನೆಯಲ್ಲಿ ಹುಟ್ಟಿಯೂ ನೊಂದವರ ಕಷ್ಟ ನೋಡಲಾರದೆ ಹೊರಟುಬಂದವರು ಇಬ್ಬರೂ. ನಾನೂ ವೀರನಲ್ಲ, ನೀನೂ ಅಲ್ಲ ಎಂದು ಇಬ್ಬರೂ ಒಪ್ಪುತ್ತಾರೆ. ಆದರೆ ನಾವು ವೀರರ ಹಾಗೆ ನಟಿಸುತ್ತ ಹೋದರೆ, ನಮ್ಮ ಹೆಸರು ಹೇಳಿಕೊಂಡು ಬೇರೆ ಯಾರಾದರೂ ನಿಜವಾದ ವೀರರಾದಾರು ಎನ್ನುತ್ತಾನೆ ರಾಬಿನ್. ಅಷ್ಟು ಹೊತ್ತು ಸಿಡುಕುತ್ತಿದ್ದ ಡಾಕ್ಟರನಿಗೆ ಮಾತು ಹೊರಡುವುದಿಲ್ಲ.

ನನಗೂ ಹೊರಡಲಿಲ್ಲ. ಡಾಕ್ಟರನ ಹಾಗೆ ನಾನೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ. ಪರೀಕ್ಷೆಯಲ್ಲಿ ಬರೆದರೆ ಅಂಕ ಬರುತ್ತದೆ. ಆದರೆ ಆ ಹುಡುಗಿ ಕೇಳಿದ್ದು ಇತಿಹಾಸದ ಪ್ರಶ್ನೆಯಲ್ಲ. ನಮ್ಮ ಅಪ್ಪನ ಗಾಡಿ ಬಿಡಿಸಿಕೊಡುವವರು ಎಲ್ಲಾದರೂ ಇರುತ್ತಾರಾ ಎಂದು ಕೇಳಿದ್ದಳು. ನಾನು 'ಇಲ್ಲಮ್ಮ' ಅಂದಿದ್ದೆ. 1500ರ ಆ ಹಳೆಯ ಲಾವಣಿಯಲ್ಲಿ ರಾಬಿನ್ ಮಾಡುವ ದೊಡ್ಡ ಕೆಲಸವೊಂದಿದೆ. ಮಠಾಧಿಪತಿಯ ಸಾಲಕ್ಕೆ ಭೂಮಿ ಕಳೆದುಕೊಳ್ಳಲಿದ್ದ ಒಬ್ಬನಿಗೆ 400 ಪೌಂಡು ಕೊಟ್ಟು ಋಣ ತೀರಿಸಿಕೊಡುತ್ತಾನೆ. ಹುಡುಗಿಗೆ ಈ ಒಂದು ಸಂಗತಿಯನ್ನಾದರೂ ಅಂದು ಹೇಳಿದ್ದರೆ! ನನಗೇ ಅಂದು ಗೊತ್ತಿರಲಿಲ್ಲ.

ಈಗ ತರಗತಿಯಲ್ಲಿ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಆರು ನೂರು ವರ್ಷಕ್ಕೂ ಮೇಲಿನಿಂದ ಜನ ಅವನ ಕಥೆ ಹೇಳುತ್ತಿದ್ದಾರೆ, ಅವನು ಇದ್ದದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದೇ ಹೇಳುತ್ತೇನೆ. ಆದರೆ 'ಕೂತ್ಕೋ' ಅನ್ನುವುದಿಲ್ಲ. "ನಿನಗೆ ಯಾಕಮ್ಮ ಅವನು ಬೇಕಾಗಿತ್ತು?" ಎಂದು ಕೇಳುತ್ತೇನೆ. ಗಂಟೆ ಹೊಡೆದರೆ ಹೊಡೆಯಲಿ.