ಬಿಸಿನೀರಿನ ಯಂತ್ರವೂ ಅದರ ನಿಯಂತ್ರಣವೂ

ಮನೆಯಲ್ಲಿ ನೀರು ಕಾಯಿಸುವ ಯಂತ್ರದ ದಕ್ಷತೆ ಮೂರು ಭಾಗಗಳ ಮೇಲೆ ನಿಂತಿದೆ: ಶಾಖ ಕೊಡುವ ಮೂಲ, ಶಾಖ ಸೋರದಂತೆ ಕಾಯುವ ಹೊದಿಕೆ, ಯಾವಾಗ ಎಷ್ಟು ಕಾಯಿಸಬೇಕೆಂದು ತೀರ್ಮಾನಿಸುವ ನಿಯಂತ್ರಣ. ಕರ್ನಾಟಕದ ಮನೆಗಳಲ್ಲಿ ಮೊದಲ ಎರಡು ಸಾಕಷ್ಟು ಸುಧಾರಿಸಿವೆ. ಮೂರನೆಯದು ಹಿಂದೆ ಉಳಿದಿದೆ. ಉಳಿದೆರಡರ ಲಾಭವನ್ನು ಅದು ಎಷ್ಟರ ಮಟ್ಟಿಗೆ ತಿಂದುಹಾಕುತ್ತಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ, ಧಾರವಾಡದ ಹತ್ತಿರ ಇರುವ ಬೇಲೂರು ಕೈಗಾರಿಕಾ ಪ್ರದೇಶದ ಸುತ್ತಮುತ್ತಲಿನ ವಸತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. (ಇದು ಹಾಸನ ಜಿಲ್ಲೆಯ ಬೇಲೂರಲ್ಲ.) ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಈ ಸೀಮೆಯಲ್ಲಿ ಕೋಣೆ ಬೆಚ್ಚಗಿಡುವ ಬಾಯ್ಲರ್ ಬೇಕಾಗುವುದಿಲ್ಲ. ಸ್ನಾನದ ನೀರು ಮಾತ್ರ ವರ್ಷವಿಡೀ ಬೇಕು. ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯ ಕೆಲಸವನ್ನು ಈಗ ಗೀಸರೂ ಸೋಲಾರೂ ಹಂಚಿಕೊಂಡಿವೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವುದರಿಂದ ಮಳೆಗಾಲದಲ್ಲಿ ದಿನಗಟ್ಟಲೆ ಮೋಡ ಮುಸುಕಿರುತ್ತದೆ. ಪಾಳಿಯಲ್ಲಿ ದುಡಿಯುವವರ ಮನೆಗಳಲ್ಲಿ ಸ್ನಾನದ ಹೊತ್ತೂ ವಾರದಿಂದ ವಾರಕ್ಕೆ ಬದಲಾಗುತ್ತದೆ. ನಿಯಂತ್ರಣಕ್ಕೆ ನಿಜವಾದ ಪರೀಕ್ಷೆ ಈ ಎರಡು ಸಂಗತಿಗಳೇ.

ಸಾಮಾನ್ಯ ಗೀಸರಿನ ನಿಯಂತ್ರಣ ಸರಳವಾದದ್ದು. ನೀರು ನಿಗದಿತ ಬಿಸಿಗೆ ಬಂದೊಡನೆ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ, ಆರಿದಾಗ ಮತ್ತೆ ಕೊಡುತ್ತದೆ. ಥರ್ಮೋಸ್ಟಾಟ್ ಕೆಟ್ಟರೆ ತಡೆಯಲು ಪ್ರತ್ಯೇಕ ಕಟ್‌ಔಟ್ ಇದೆ, ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್ ಇದೆ. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯ ವಿನ್ಯಾಸ: ಒಂದು ಭಾಗ ಸೋತರೂ ಇನ್ನೊಂದು ಕಾಯುತ್ತದೆ. ದಕ್ಷತೆಯ ವಿಷಯದಲ್ಲಿ ಮಾತ್ರ ಈ ಥರ್ಮೋಸ್ಟಾಟಿಗೆ ಹೆಚ್ಚಿನ ಪಾತ್ರವಿಲ್ಲ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯುನಿಟ್ ಸಾಕು. 2 ಕಿಲೊವ್ಯಾಟ್ ಕಾಯಿಲ್‌ಗೆ ಅದು ಇಪ್ಪತ್ತು ನಿಮಿಷದೊಳಗಿನ ಕೆಲಸ. ಹೆಚ್ಚಿನ ಮನೆಗಳಲ್ಲಿ ಸ್ನಾನಕ್ಕೆ ಸ್ವಲ್ಪ ಮುಂಚೆ ಸ್ವಿಚ್ ಹಾಕಿ, ನೀರು ಕಾದ ಮೇಲೆ ಆರಿಸುತ್ತಾರೆ. ನಿಜವಾದ ನಿಯಂತ್ರಕ ಮನೆಯವರೇ, ಮತ್ತು ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ.

ಇಂಧನ ದಕ್ಷತಾ ಬ್ಯೂರೋ ಶೇಖರಣಾ ಗೀಸರುಗಳಿಗೆ ಕೊಡುವ ನಕ್ಷತ್ರ ಪಟ್ಟಿ ಅಳೆಯುವುದು ಬೇರೊಂದನ್ನು. ಬಿಸಿನೀರು 24 ಗಂಟೆ ಹಾಗೆಯೇ ನಿಂತರೆ ಎಷ್ಟು ಶಾಖ ಸೋರುತ್ತದೆ ಎಂಬುದೇ ಅದರ ಆಧಾರ. ಹೊದಿಕೆಯ ಗುಣಮಟ್ಟ ಸುಧಾರಿಸಲು ಈ ಪಟ್ಟಿ ನೆರವಾಯಿತು, ಸರಿ. ಆದರೆ ದಿನಕ್ಕೆ ಅರ್ಧ ಗಂಟೆ ಮಾತ್ರ ಚಾಲೂ ಇರುವ ಗೀಸರಿನಲ್ಲಿ ಆ ಸೋರಿಕೆ ಚಿಕ್ಕ ಲೆಕ್ಕ. ಹಗಲು ರಾತ್ರಿ ಬಿಸಿನೀರು ತುಂಬಿಕೊಂಡಿರುವ ದೊಡ್ಡ ಟ್ಯಾಂಕಿನ ಜೊತೆ ವಿದ್ಯುತ್ ಕಾಯಿಲ್ ಇರುವಲ್ಲಿ, ಎಂದರೆ ಸೋಲಾರ್ ವ್ಯವಸ್ಥೆಯಲ್ಲಿ, ನಿಯಂತ್ರಣದ ಪ್ರಶ್ನೆ ದೊಡ್ಡದಾಗುತ್ತದೆ.

ತಾರಸಿಯ ಸೋಲಾರ್ ಹೀಟರಿನ ಸೌರಭಾಗಕ್ಕೆ ನಿಯಂತ್ರಣವೇ ಬೇಡ. ಬಿಸಿಲಿಗೆ ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪಿಲ್ಲ, ತಂತಿಯಿಲ್ಲ. ತೊಡಕು ಶುರುವಾಗುವುದು ಮಳೆಗಾಲಕ್ಕೆಂದು ಟ್ಯಾಂಕಿನೊಳಗೆ ಕೂರಿಸುವ ಬ್ಯಾಕಪ್ ಕಾಯಿಲ್‌ನಿಂದ. ಅದನ್ನು ಆಳುವುದು ಗೀಸರಿನಲ್ಲಿರುವಂಥದೇ ಥರ್ಮೋಸ್ಟಾಟ್. ಟ್ಯಾಂಕು ತಣ್ಣಗಾಗಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಹೊತ್ತು ಎಷ್ಟು, ನಾಳೆ ಬಿಸಿಲು ಬರುವುದೇ, ಮುಂದಿನ ಸ್ನಾನಕ್ಕೆ ಎಷ್ಟು ನೀರು ಬೇಕು, ಇವು ಯಾವುವೂ ಅದಕ್ಕೆ ತಿಳಿಯವು.

ಬ್ಯಾಕಪ್ ಸ್ವಿಚ್ ಚಾಲೂ ಇರುವ ಒಂದು ಮನೆಯ ಲೆಕ್ಕ ಹೀಗೆ. 100 ಲೀಟರ್ ಟ್ಯಾಂಕು ಸಂಜೆಗೆ 60 ಡಿಗ್ರಿ ಇದೆ. 50 ಲೀಟರ್ ಬಳಸಿದಾಗ ಅಷ್ಟೇ ತಣ್ಣೀರು 25 ಡಿಗ್ರಿಯಲ್ಲಿ ಒಳಬರುತ್ತದೆ. ಎಲ್ಲ ಬೆರೆತರೂ ಟ್ಯಾಂಕು ಸುಮಾರು 42 ಡಿಗ್ರಿಯಲ್ಲಿರುತ್ತದೆ. ಇದು ಸ್ನಾನದ ಹದ. ರಾತ್ರಿ ತುಸು ಆರಿದರೂ ಬೆಳಗಿನ ಬಳಕೆಗೆ ಸಾಕು. ಆದರೆ ಥರ್ಮೋಸ್ಟಾಟ್ ಅದನ್ನು ಮತ್ತೆ 60ಕ್ಕೆ ಏರಿಸುತ್ತದೆ, ಅದಕ್ಕೆ ತಗಲುವುದು ಸುಮಾರು 2 ಯುನಿಟ್. ಬೆಳಗಾಗಿ ಬಿಸಿಲು ಬರುವ ಹೊತ್ತಿಗೆ ಸೂರ್ಯ ಮಾಡಬೇಕಿದ್ದ ಕೆಲಸದ ದೊಡ್ಡ ಪಾಲನ್ನು ವಿದ್ಯುತ್ತೇ ಮುಗಿಸಿರುತ್ತದೆ. ಟ್ಯಾಂಕು ಬಿಸಿಯಾಗಿದ್ದಷ್ಟೂ ಫಲಕವು ಬಿಸಿಲನ್ನು ಹೀರುವ ದಕ್ಷತೆಯೂ ಇಳಿಯುತ್ತದೆ. ಹೀಗೆ ಮಳೆಗಾಲಕ್ಕೆಂದು ಹಾಕಿದ ಸ್ವಿಚ್ಚನ್ನು ಆಮೇಲೆ ಆರಿಸಲು ಮರೆತ ಮನೆಯಲ್ಲಿ ತಾರಸಿಯ ಸೋಲಾರ್ ದೊಡ್ಡದೊಂದು ಗೀಸರಾಗಿಬಿಡುತ್ತದೆ.

ಇದೇ ದೋಷವನ್ನು ಶೀತದೇಶಗಳ ದುಬಾರಿ ಬಾಯ್ಲರುಗಳೂ ಎದುರಿಸಿವೆ. ಅಲ್ಲಿನ ಕಂಡೆನ್ಸಿಂಗ್ ಗ್ಯಾಸ್ ಬಾಯ್ಲರ್ ಹೊಗೆಯಲ್ಲಿರುವ ಹಬೆಯನ್ನು ತಣಿಸಿ ನೀರಾಗಿಸಿ ಅದರ ಶಾಖವನ್ನೂ ಹಿಡಿಯುತ್ತದೆ. ಇದು ನಡೆಯಬೇಕಾದರೆ ಮನೆಯೊಳಗೆ ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಬರಿಯ ಆನ್–ಆಫ್ ಥರ್ಮೋಸ್ಟಾಟ್ ಜೋಡಿಸಿ, ನೀರನ್ನು ಅತಿ ಬಿಸಿಯಾಗಿ ಓಡಿಸಿದರೆ ಆ ಲಾಭ ಕೈತಪ್ಪುತ್ತದೆ. ಹೊರಗಿನ ಚಳಿಯನ್ನು ಅಳೆದು, ಫ್ಯಾನಿನ ವೇಗವನ್ನೂ ಉರಿಯನ್ನೂ ಬೇಕಾದಷ್ಟೇ ಇಡುವ ಎಲೆಕ್ಟ್ರಾನಿಕ್ ಬೋರ್ಡು ಇದಕ್ಕೆ ಪರಿಹಾರ. ಯುರೋಪಿಯನ್ ಒಕ್ಕೂಟ 2015ರಿಂದ ಜಾರಿಗೆ ತಂದ ಪಟ್ಟಿಯಲ್ಲಿ ನಿಯಂತ್ರಣಗಳಿಗೇ ಎಂಟು ದರ್ಜೆಗಳಿವೆ: ಆನ್–ಆಫ್ ಥರ್ಮೋಸ್ಟಾಟಿಗೆ ಶೇ. 1, ಹಲವು ಸೆನ್ಸರುಗಳ ನಿಯಂತ್ರಣಕ್ಕೆ ಶೇ. 5ರ ಹೆಚ್ಚುವರಿ ಅಂಕ. ಅಂಕ ಚಿಕ್ಕದಾದರೂ ತತ್ತ್ವ ಮುಖ್ಯ. ಅಲ್ಲಿ ಯಂತ್ರಕ್ಕೆ ಅಂಕ ಕೊಡುವಾಗ ಅದನ್ನು ನಡೆಸುವ ಬುದ್ಧಿಯನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಕರ್ನಾಟಕದ ನಿಯಮಗಳಲ್ಲಿ ಆ ಲೆಕ್ಕವಿಲ್ಲ. ನಗರಗಳಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರನ್ನು 2007ರಲ್ಲಿ ಕಡ್ಡಾಯ ಮಾಡಿದ್ದು ದೂರದೃಷ್ಟಿಯ ಹೆಜ್ಜೆ. ಸೋಲಾರ್ ಇದ್ದ ಮನೆಗಳಿಗೆ ಯುನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಸಿಕ್ಕಿತು. ಆದರೆ ರಿಯಾಯಿತಿ ಕೇಳಿದ್ದು ತಾರಸಿಯ ಮೇಲೆ ಫಲಕ ಇದೆಯೇ ಎಂದು ಮಾತ್ರ. ಬ್ಯಾಕಪ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದಲ್ಲ. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ನಂತರ ಉಚಿತ ಮಿತಿಯೊಳಗಿನ ಮನೆಗೆ ತಿಂಗಳ 60 ಯುನಿಟ್ ಪೋಲಾದರೂ ಬಿಲ್ಲಿನಲ್ಲಿ ಕಾಣುವುದಿಲ್ಲ. ಬಡ ಮನೆಗೆ ಯೋಜನೆ ಕೊಟ್ಟ ನೆಮ್ಮದಿ ನಿಜ. ಎಚ್ಚರಿಸುವ ಬಿಲ್ಲು ಇಲ್ಲವಾದಾಗ ಆ ಕೆಲಸ ನಿಯಂತ್ರಣದ ಮೇಲೇ ಬೀಳುತ್ತದೆ ಎಂಬುದೂ ಅಷ್ಟೇ ನಿಜ.

ಮಾರುಕಟ್ಟೆಯಲ್ಲಿ ಸಿಗುವ ಪರಿಹಾರಗಳು ಅರ್ಧ ದಾರಿಯವು. ಟೈಮರ್ ಅಗ್ಗ, ಆದರೆ ಪಾಳಿ ಬದಲಾದ ವಾರ ಅದು ತಪ್ಪು ಹೊತ್ತಿಗೆ ಕಾಯಿಸುತ್ತದೆ. ಒಳಗೆ ಬ್ಯಾಟರಿ ಇಲ್ಲದ್ದು ಕರೆಂಟು ಹೋಗಿ ಬಂದರೆ ಗಂಟೆಯನ್ನೇ ಮರೆಯುತ್ತದೆ. ವೈಫೈ ಗೀಸರ್ ಎಂದು ಮಾರಾಟವಾಗುವವುಗಳಲ್ಲಿ ಹಲವು ಫೋನಿನಿಂದ ಒತ್ತುವ ಸ್ವಿಚ್ಚುಗಳು. ಒತ್ತುವ ತೀರ್ಮಾನ ಇನ್ನೂ ಬಳಕೆದಾರರದೇ. ಬಿಸಿಲು, ಮಳೆ, ವೋಲ್ಟೇಜಿನ ಏರಿಳಿತಗಳನ್ನು ತಾಳಿಕೊಳ್ಳುವುದರಲ್ಲಿ ಹಳೆಯ ಯಾಂತ್ರಿಕ ಥರ್ಮೋಸ್ಟಾಟೇ ಗಟ್ಟಿ ಎಂಬುದನ್ನೂ ಒಪ್ಪಬೇಕು.

ಸರಿಯಾದ ನಿಯಂತ್ರಣ ಇದಕ್ಕಿಂತ ಬಹಳ ಜಟಿಲವೇನಲ್ಲ. ಟ್ಯಾಂಕಿನ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ಸೆನ್ಸರ್ ಇದ್ದರೆ ಎಷ್ಟು ಬಿಸಿನೀರು ಉಳಿದಿದೆ ಎಂದು ತಿಳಿಯುತ್ತದೆ. ಬೋರ್ಡು ಮನೆಯೊಳಗಿರಲಿ, ತಾರಸಿಗೆ ತಂತಿ ಮಾತ್ರ ಹೋಗಲಿ. ಸ್ನಾನದ ಹೊತ್ತಿಗೆ ಒಂದು ಗಂಟೆ ಮುಂಚೆ ಮಾತ್ರ ಅದು ಟ್ಯಾಂಕನ್ನು ಪರೀಕ್ಷಿಸಿ, ಕೊರತೆಯಿದ್ದರೆ ಕೊರತೆಯಷ್ಟನ್ನೇ ತುಂಬಿಸಬೇಕು. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಆಗಾಗ 60 ಡಿಗ್ರಿ ಮುಟ್ಟಿಸುವುದೂ ಅಗತ್ಯ. ಒಳ್ಳೆಯ ಬಿಸಿಲಿನ ದಿನ ಅದನ್ನು ಸೂರ್ಯನೇ ಮಾಡಿಕೊಡುತ್ತಾನೆ. ಕಟ್‌ಔಟ್ ಮತ್ತು ಒತ್ತಡದ ವಾಲ್ವ್ ಮಾತ್ರ ಈ ಬೋರ್ಡಿನ ಹಂಗಿಲ್ಲದೆ ಸ್ವತಂತ್ರವಾಗಿ ಉಳಿಯಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಘಟಕವನ್ನು ಕಟ್ಟಿದ ಅಮೂಲ್ಯ ರೆಡ್ಡಿ, ಜನರಿಗೆ ಬೇಕಾದ್ದು ಯುನಿಟ್ಟುಗಳಲ್ಲ, ಅವುಗಳಿಂದ ದೊರೆಯುವ ಸೇವೆ ಎಂದು ವಾದಿಸಿದ್ದರು. ಆ ಅಳತೆಯಿಂದ ನೋಡಿದರೆ ಸೋಲಾರ್ ಹೀಟರಿನ ಫಲಕ ಉತ್ತೀರ್ಣ, ಟ್ಯಾಂಕು ಉತ್ತೀರ್ಣ, ಬ್ಯಾಕಪ್ಪಿನ ನಿಯಂತ್ರಣ ಅನುತ್ತೀರ್ಣ. ನಕ್ಷತ್ರ ಪಟ್ಟಿಯೂ ಕಟ್ಟಡದ ನಿಯಮಗಳೂ ನಿಯಂತ್ರಣಕ್ಕೆ ಅಂಕ ಕೊಡಲು ತೊಡಗುವವರೆಗೆ ತಯಾರಕರಿಗೆ ಅದನ್ನು ಸುಧಾರಿಸುವ ಒತ್ತಾಯವಿರುವುದಿಲ್ಲ.